ಉಜ್ಜಿನಪ್ಪ ಕರೆದ ಹಾಜರಿ

ಉಜ್ಜಿನಪ್ಪ ಯಾರ ಮನೆಗೆ ಹೋದರೂ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡದೆ ಕೂತವನಲ್ಲ. ಕೆಳಗೆ ಏನು ಹುಡುಕುತ್ತೀಯಪ್ಪಾ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಏನೂ ಇಲ್ಲ ಅನ್ನೋದನ್ನ" ಎಂದು ಗಂಭೀರವಾಗಿ ಉತ್ತರಿಸಿದ. ನಮಸ್ಕಾರ ಎಂದವರಿಗೆ ಅವನಲ್ಲಿ ಪ್ರತಿನಮಸ್ಕಾರವಿಲ್ಲ, "ಯಾಕ್ರಿ?" ಎಂಬ ಪ್ರಶ್ನೆಯೇ ಅವನ ಮರುವಂದನೆ. ಹಿಂದಿನಿಂದ ಯಾರೂ ಬರಬಾರದೆಂದು ಬೆನ್ನನ್ನು ಗೋಡೆಗೆ ಸವರಿಕೊಂಡೇ ನಡೆಯುವುದರಿಂದ ಬಳ್ಳಾರಿಯ ಕೌಲ್ ಬಜಾರಿನ ಅರ್ಧದಷ್ಟು ಗೋಡೆಗಳಿಗೆ ಈಗ ಸುಣ್ಣವಿಲ್ಲ, ಅದೆಲ್ಲ ಅವನ ಕರಿ ಕೋಟಿನ ಮೇಲಿದೆ. ಆ ಕೋಟೋ, ಕಲ್ಲು ಬೆವರುವ ಮೇ ತಿಂಗಳಲ್ಲೂ ಮೈಬಿಟ್ಟು ಇಳಿಯದು; ಕಳಚಿಟ್ಟರೆ ಜೇಬಿನೊಳಗೆ ಯಾರಾದರೂ ಏನಾದರೂ ಹಾಕಿಬಿಟ್ಟಾರು ಎಂಬ ಭಯ. ಒಯ್ದಾರು ಎಂದು ಅಂಜುವವರನ್ನು ಕಂಡಿದ್ದೇನೆ. ಇಟ್ಟುಹೋದಾರು ಎಂದು ಅಂಜುವವನು ಈ ಭರತಖಂಡದಲ್ಲಿ ಇವನೊಬ್ಬನೇ. ಹೆಂಡತಿ ಶೈಲಜಮ್ಮ ಹೇಳುವುದಿಷ್ಟು: "ತಾಳಿ ಕಟ್ಟಿದ ಮ್ಯಾಲೆ ಗಂಟು ಗಟ್ಟಿ ಐತೇನು ಅಂತ ಜಗ್ಗಿ ನೋಡಿದ್ರರಿ. ನನ್ನ ಕುತ್ತಿಗಿ ಇನ್ನೂ ನೋಯ್ತೈತಿ."

ಇಂಥವನಿಗೆ ದೇವರು ತಕ್ಕ ಉದ್ಯೋಗವನ್ನೇ ದಯಪಾಲಿಸಿದ. ಕುರುಗೋಡಿನಿಂದ ದಿನಾ ಬಸ್ಸಿಗೆ ಬಂದು, ಕೌಲ್ ಬಜಾರಿನ ಬೆಂಕಿಪೊಟ್ಟಣದಂಥ ಅಂಗಡಿಯಲ್ಲಿ ಕೂತು, ಯಂತ್ರಗಳನ್ನು ನಡೆಸುವ ಕಂಪ್ಯೂಟರುಗಳಿಗೆ ಕರ್ನಲ್ ಕಟ್ಟಿಕೊಡುತ್ತಾನೆ. ಕರ್ನಲ್ ಎಂದರೆ ಕಂಪ್ಯೂಟರಿನೊಳಗಿನ ಯಜಮಾನ. ಆ ಯಜಮಾನನಿಗೆ ಕ್ಯಾಮೆರಾದ ಭಾಷೆ ಬರದು, ಪ್ರಿಂಟರಿನ ಭಾಷೆ ಬರದು. ಒಂದೊಂದು ಸಾಧನಕ್ಕೂ ಡ್ರೈವರ್ ಎಂಬ ಒಬ್ಬ ದುಭಾಷಿ ಬೇಕು. ಮನೆಯಲ್ಲಿ ಕನ್ನಡ, ಗಿರಾಕಿಯೊಡನೆ ತೆಲುಗು, ಗೆಳೆಯನೊಡನೆ ಉರ್ದು ಆಡುವ ನಮ್ಮ ಬಳ್ಳಾರಿ ಆಟೋದವರ ಜಾಣತನ ಆ ಲೋಕಕ್ಕಿಲ್ಲ. ಉಳಿದವರು, ಇರಲಿ ಬಿಡು ಎಂದು ಸಾವಿರಾರು ದುಭಾಷಿಗಳನ್ನು ಒಳಗೆ ತುಂಬಿಕೊಳ್ಳುತ್ತಾರೆ. ಉಜ್ಜಿನಪ್ಪ ಮಾತ್ರ ಹಾಜರಿ ಕರೆಯುತ್ತಾನೆ: ಆ ಗಳಿಗೆಯಲ್ಲಿ ತಂತಿ ಚುಚ್ಚಿದ್ದ ಸಾಧನಗಳ ಜೊತೆ ಕೆಲಸದ ಮೇಲಿದ್ದವರನ್ನಷ್ಟೇ ಉಳಿಸಿಕೊಂಡು, ಮಿಕ್ಕವರನ್ನೆಲ್ಲ ಆಚೆ ಹಾಕಿ ಹೊಸ ಕರ್ನಲ್ ಕಟ್ಟುತ್ತಾನೆ. "ಕೆಲಸಿಲ್ದಾಂವ ಒಳಗ್ಯಾಕ ಇರಬೇಕ್ರಿ? ಏನರ ಮಸಲತ್ತು ಇರ್ಬೇಕು" ಎಂಬುದು ಅವನ ಸಿದ್ಧಾಂತ.

ಈಚೆಗೆ ಸಿರುಗುಪ್ಪದ ವಿಜಯಲಕ್ಷ್ಮಿಯವರ ಅಕ್ಕಿ ಗಿರಣಿಗೆ ಅವನ ಜೊತೆ ನಾನೂ ಹೋಗಿದ್ದೆ. ಅಲ್ಲೊಂದು ಅಕ್ಕಿ ಆರಿಸುವ ಯಂತ್ರ. ಜಾರಿ ಬೀಳುವ ಕಾಳನ್ನು ಕ್ಯಾಮೆರಾ ನೋಡುತ್ತದೆ, ಕರಿಕಾಳು ಕಂಡರೆ ಗಾಳಿಯ ಏಟು ಕೊಟ್ಟು ಹಾರಿಸುತ್ತದೆ. ಅದರ ಕಂಪ್ಯೂಟರು ಆಗಾಗ ಮರಗಟ್ಟಿ ನಿಲ್ಲುತ್ತಿದ್ದುದರಿಂದ ಹೊಸ ಕರ್ನಲ್ ಬೇಕಾಗಿತ್ತು. ಉಜ್ಜಿನಪ್ಪ ಒಳಗೆ ಕಾಲಿಟ್ಟವನೇ ಮೊದಲು ಕ್ಯಾಮೆರಾದ ತಂತಿ ಕಿತ್ತ. "ಕಣ್ಣಿರೋದರ ಮುಂದ ನಾ ಕೆಲಸ ಮಾಡಂಗಿಲ್ಲ." ಕಂಪ್ಯೂಟರನ್ನು ಆರಿಸಿ ಹೊತ್ತಿಸಿ, ಹಾಜರಿ ಕರೆದು, ಹೊಸ ಕರ್ನಲ್ ಕಟ್ಟಿ, ಹಳೆಯದು ಇದ್ದರೆ ಹೊಸದಕ್ಕೆ ಚಾಡಿ ಹೇಳೀತೆಂದು ಅದನ್ನು ಅಳಿಸಿಯೂ ಬಿಟ್ಟ. ಆಮೇಲೆ ತಂತಿಯನ್ನು ಮತ್ತೆ ಚುಚ್ಚಿದ. ಯಂತ್ರ ಕುರುಡಾಗಿತ್ತು.

ಉಜ್ಜಿನಪ್ಪ ಎದ್ದು ಸುತ್ತಲೂ ನೋಡಿದ. ದೃಷ್ಟಿ ಹುಲಿಗೇಶನ ಮೇಲೆ ಬಂದು ನಿಂತಿತು. ಆ ಯಂತ್ರ ನಡೆಸುವವನು ಹುಲಿಗೇಶ. ನಡುವೆ ಒಮ್ಮೆ ಒಳಗೆ ಬಂದುಹೋದದ್ದೇ ಅವನ ಅಪರಾಧ.

"ನೀ ಯಾಕ ಒಳಗ ಬಂದಿದ್ದಿ?"

"ಚಾ ಕೊಡಾಕ್ರಿ."

"ಚಾ ನಾ ಕೇಳಿದ್ನೇನು?"

"ಕೇಳ್ಲಿಲ್ರಿ. ಕುಡುದ್ರಿ."

ಅನುಮಾನವೆಂಬುದು ಕಣ್ಣುಬೇನೆಯ ಹಾಗೆ, ನೋಡಿದವರಿಗೆಲ್ಲ ಹತ್ತುತ್ತದೆ. ಎದುರು ಗಿರಣಿಯವರ ಜೊತೆ ಹುಲಿಗೇಶ ಕೂತು ಒಗ್ಗಾಣಿ ಮಿರ್ಚಿ ತಿನ್ನುತ್ತಿದ್ದುದನ್ನು ವಿಜಯಲಕ್ಷ್ಮಿಯವರು ಎಂದೋ ಕಂಡಿದ್ದರು. ಈಗ ಆ ಮಿರ್ಚಿಗೆ ಖಾರ ಹೆಚ್ಚಾಯಿತು. ಗಿರಣಿಯ ಬೆಕ್ಕು ಕೂಡ ಅವನನ್ನು ಒಂದು ಥರಾ ನೋಡಿ ದೂರ ಸರಿಯಿತು.

"ಹುಲಿಗೇಶಾ, ಕೀಲಿಕೈ ಇಟ್ಟು ಮನಿಗೆ ಹೋಗು. ನಾಳೆಯಿಂದ ಬರಬ್ಯಾಡ" ಎಂದರು ವಿಜಯಲಕ್ಷ್ಮಿಯವರು.

"ಅಕ್ಕಾರ, ನಾ ತಂತಿ ಮುಟ್ಟಿಲ್ರಿ. ನಿಮ್ಮ ಮಾವಾರ ಕಾಲದಿಂದ ಅದೀನಿ."

"ಇಡು ಅಂದ್ನೆಲ್ಲ."

ಹುಲಿಗೇಶ ಕೀಲಿಕೈಯನ್ನು ಮೇಜಿನ ಮೇಲಿಟ್ಟ, ಆದರೆ ಕದಲಲಿಲ್ಲ. "ಕಳ್ಳ ಅನಿಸ್ಕೊಂಡು ಮನಿಗೆ ಹೋಗಂಗಿಲ್ರಿ. ಏನ್ ಸಿಗತೈತಿ ನೋಡ್ರಿ, ನಿಂತಿರ್ತೀನಿ" ಎಂದ.

ಸಾಕ್ಷ್ಯಕ್ಕಾಗಿ ಉಜ್ಜಿನಪ್ಪ ತಂತಿಯನ್ನು ಹಾವಾಡಿಗನಂತೆ ತುದಿಯಿಂದ ತುದಿಗೆ ತಡವಿದ. ಎಲ್ಲೂ ಗಾಯವಿಲ್ಲ. ಕರ್ನಲ್ ತನ್ನಷ್ಟಕ್ಕೆ ಗೊಣಗಿಕೊಳ್ಳುವ ಮಾತುಗಳನ್ನು ಪರದೆಗೆ ತಂದು ಕಣ್ಣು ಕಿರಿದು ಮಾಡಿದ. ಬಾಗಿಲಿಗೆ ಯಾರೋ ಬಂದಿದ್ದಾರೆ ಎಂದು ಅದು ಸ್ಪಷ್ಟವಾಗಿಯೇ ಹೇಳಿತ್ತು. ಅಂದರೆ ತಂತಿ ಸರಿ, ಕ್ಯಾಮೆರಾ ಸರಿ. ಬಂದವನನ್ನು ಮಾತಾಡಿಸುವ ದುಭಾಷಿಯೇ ಒಳಗಿಲ್ಲ. ದುಭಾಷಿಯನ್ನು ಆಚೆ ಹಾಕಿದವರು ಯಾರು? ಹಾಜರಿ ಕರೆದಾಗ ಕ್ಯಾಮೆರಾ ಯಾಕಿರಲಿಲ್ಲ? ಉಜ್ಜಿನಪ್ಪ ತನ್ನ ಬಲಗೈಯನ್ನು ಎತ್ತಿ, ಅದು ಬೇರೆ ಯಾರದೋ ಎಂಬಂತೆ ಬಹಳ ಹೊತ್ತು ನೋಡಿದ.

ಆ ಕೋಣೆಯಲ್ಲಿ ಇನ್ಯಾರಿಗೂ ಇದು ತಿಳಿಯುವ ಸಂಭವವಿರಲಿಲ್ಲ. ಬಾಯಿ ಮುಚ್ಚಿಕೊಂಡು ಆ ಡ್ರೈವರನ್ನು ಒಳಗೆ ಸೇರಿಸಿದ್ದರೆ ಅವನ ಕೀರ್ತಿ ಬಳ್ಳಾರಿಯ ಬಿಸಿಲಿನಷ್ಟೇ ಪ್ರಖರವಾಗಿ ಉಳಿಯುತ್ತಿತ್ತು, ಹುಲಿಗೇಶನ ಮನೆಯ ಒಲೆ ಆರುತ್ತಿತ್ತು.

"ನಾನ" ಎಂದ ಉಜ್ಜಿನಪ್ಪ. "ಕಣ್ಣು ಕಿತ್ತಾಂವ ನಾನ. ಕಣ್ಣಿಲ್ಲ ಅಂತ ಹೆಸರು ಹೊಡದಾಂವನೂ ನಾನ. ಇವನದೇನೂ ತಪ್ಪಿಲ್ರಿ ಅಕ್ಕಾರ."

ಹುಲಿಗೇಶ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಂತೂ ಕಳ್ಳನ್ನ ಹಿಡುದ್ರೆಲ್ರಿ ಸಾರ್. ಚಲೋ ಆತು."

ಡ್ರೈವರ್ ಒಳಗೆ ಬಂತು. ಕ್ಯಾಮೆರಾ ಕಣ್ಣು ತೆರೆಯಿತು. ಮೊದಲ ಕರಿಕಾಳು ಎಷ್ಟು ದೂರ ಹಾರಿತೆಂದರೆ ಆಂಧ್ರದಲ್ಲಿ ಹೋಗಿ ಬಿದ್ದಿರಬೇಕು. ವಿಜಯಲಕ್ಷ್ಮಿಯವರು ಮುಖ ತಗ್ಗಿಸಿ ಕೀಲಿಕೈಯನ್ನು ಮುಂದೆ ತಳ್ಳಿ, "ತಗೋಪಾ" ಎಂದರು.

"ಇವತ್ತು ಕೊಟ್ರಿ ಅಕ್ಕಾರ. ನಾಳೆ ಮತ್ತ ಮಿಷಿನ್ ನಿಂತ್ರ?"

ಹಾಗೆಂದು ಕೇಳಿ ಕೀಲಿಕೈಯನ್ನು ಅವನು ತೆಗೆದುಕೊಂಡ.

ಅನುಮಾನದ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಬಹುಪಾಲು ಮಂದಿಯ ಅನುಮಾನ ಪರರ ಹೊಸ್ತಿಲವರೆಗೆ ಹೋಗಿ ಅಲ್ಲೇ ಚಾಪೆ ಹಾಸಿ ಮಲಗುತ್ತದೆ. ಉಜ್ಜಿನಪ್ಪನಂಥ ವಿರಳರ ಅನುಮಾನ ಊರೆಲ್ಲ ಸುತ್ತಿ ಕೊನೆಗೆ ಅವರ ಬಾಗಿಲನ್ನೇ ತಟ್ಟುತ್ತದೆ, ಅವರೂ ತೆರೆಯುತ್ತಾರೆ. ಅಷ್ಟರಮಟ್ಟಿಗೆ ಅವರಿಗೆ ನಾನು ಕೈಮುಗಿಯುತ್ತೇನೆ. ಆದರೆ ಆ ಪ್ರದಕ್ಷಿಣೆ ಮುಗಿಯುವವರೆಗೆ ದಾರಿಯಲ್ಲೆಲ್ಲೋ ಒಬ್ಬ ಮನುಷ್ಯ ಕೀಲಿಕೈ ಇಟ್ಟು ನಿಂತಿರುತ್ತಾನೆ. ಇಂಥ ಸತ್ಯವಂತರ ಸತ್ಯಕ್ಕೆ ಬೆಲೆ ತೆರುವವನು ಅವನೇ.