ಮಜ್ಜಿಗೆ ಎಂದು ಬರೆದ ಪೊಟ್ಟಣಗಳು

ಒದ್ದೆ ನೆಲಕ್ಕೆ ಪತ್ರಿಕೆಯ ಹಾಳೆ ತಾಗಿದ್ದೇ ತಡ ಯಾರೋ ಮಂತ್ರಿಯ ಮೂಗು ಮೊದಲು ಕಪ್ಪಾಯಿತು, ಆಮೇಲೆ ಕೆನ್ನೆ, ಆಮೇಲೆ ಮುಗಿದ ಎರಡು ಕೈಗಳು — ಇಷ್ಟಕ್ಕಾದರೂ ಬಂದೆಯಲ್ಲ ಮಾರಾಯ ಎಂದು ಶೀನ ಆ ಮುಖದ ಮೇಲೆ ಕಾಲಿಟ್ಟು ಒತ್ತಿದ, ಕಾಗದ ನೆಲಕ್ಕೆ ಅಂಟಿತು. ಚೆನ್ನೈ ವೇಲಚೇರಿಯ ಹೋಟೆಲಿನ ಊಟದ ಹಾಲಿನಿಂದ ಮಳೆನೀರು ಹೊರಗೆ ಹೋದದ್ದು ನಿನ್ನೆ ಸಂಜೆ, ಹೋಗುವಾಗ ತನ್ನ ಲೋಳೆಯನ್ನೆಲ್ಲ ಟೈಲ್ಸಿನ ಮೇಲೆ ಬಿಟ್ಟು ಹೋಗಿದೆ, ಬಟ್ಟೆಯಲ್ಲಿ ಒರೆಸಿದಷ್ಟೂ ಹರಡುತ್ತದೆ, ಅದಕ್ಕೇ ಅಟ್ಟದ ಮೇಲಿದ್ದ ಒಂದು ತಿಂಗಳ ಪತ್ರಿಕೆಗಳ ಕಟ್ಟು ಇಳಿಸಿ ಬಿಡಿಸಿ ಹಾಸುತ್ತಿದ್ದಾನೆ, ತಮಿಳಿನದು, ಇಂಗ್ಲಿಷಿನದು, ಎಗ್ಮೋರಿನ ಅಂಗಡಿಯಿಂದ ಒಂದು ದಿನ ತಡವಾಗಿ ಬರುವ ಕನ್ನಡದ್ದು, ಹೆಡ್ ಕುಕ್ ನೆಲ ಒರೆಸುವುದೇ ಎಂದು ಕೇಳಲಿಕ್ಕೆ ಯಾರಿದ್ದಾರೆ, ಒರೆಸುವವರೆಲ್ಲ ನೀರಲ್ಲಿ ಸಿಕ್ಕಿಬಿದ್ದಿದ್ದಾರೆ, ರುಬ್ಬುವ ತಮ್ಮಯ್ಯ ಒಬ್ಬ ಇದ್ದ, ಅವನು ನಿನ್ನೆಯಿಂದ ಕಕ್ಕಸಿಗೂ ಚಾಪೆಗೂ ಓಡಾಡುತ್ತಿದ್ದಾನೆ. ಇನ್ನೊಂದು ಹಾಳೆ — ದೆಹಲಿಯ ಗಾಳಿ, ಮಕ್ಕಳಿಗೆ ಶಾಲೆ ಬೇಡ, ಮನೆಯಲ್ಲೇ ಇರಿ, ಮನೆಯೊಳಗೇನು ಬೇರೆ ಗಾಳಿ ಬರುತ್ತದಾ, ಇಲ್ಲಿ ಚಿಮಣಿಯಲ್ಲಿ ಒಂದಿಷ್ಟು ಹೊಗೆ ಕಂಡರೆ ಮೇಲಿನ ಫ್ಲ್ಯಾಟಿನವರು ಕಾರ್ಪೊರೇಷನ್ನಿಗೆ ಫೋನು ಹಾಕುತ್ತಾರೆ, ಒಂದು ಇಡೀ ರಾಜಧಾನಿ ಕೆಮ್ಮುವಾಗ ಯಾರಿಗೆ ಫೋನು ಹಾಕುವುದು. ಪಕ್ಕದ ಹಾಳೆಯಲ್ಲಿ ಬ್ರೆಜಿಲ್ ದೇಶ, ಭೂಮಿಯ ಬಿಸಿ ಇಳಿಸಲು ಲೋಕದ ದೊಡ್ಡವರೆಲ್ಲ ಸೇರಿದ ಸಭೆ, ಸಭೆಯ ಜಾಗದಲ್ಲೇ ಬೆಂಕಿ ಹತ್ತಿ ಎಲ್ಲರೂ ಹೊರಗೆ ಓಡಿದರಂತೆ, ಓದಿದ ದಿನ ಶೀನ ನಕ್ಕಿದ್ದ, ಇವತ್ತು ನಗು ಬರುವುದಿಲ್ಲ, ಓಡಲಿಕ್ಕೆ ಅವರಿಗೆ ಹೊರಗೆ ಎಂಬುದೊಂದು ಇತ್ತಲ್ಲ, ಸಿಂಹಳದಲ್ಲಿ ಚಂಡಮಾರುತದ ಮಳೆಗೆ ಗುಡ್ಡ ಜಾರಿ ಮನೆಯ ಮೇಲೆ ಬಿತ್ತಲ್ಲ, ಅವರು ಎಲ್ಲಿಗೆ ಓಡುವುದು. ಅದೇ ಚಂಡಮಾರುತ ಅಲ್ಲಿ ಊರೂರು ಮುಗಿಸಿ, ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿ ಕಡಲಲ್ಲೇ ಕೂತು ಸುರಿಯಿತು, ಟಿವಿಯವನು ಚೆನ್ನೈ ಪಾರಾಯಿತು ಎಂದ — ಯಾವ ಚೆನ್ನೈ, ದೊಡ್ಡವರ ಅಣ್ಣಾ ನಗರದ್ದಾ, ಇಲ್ಲಿ ಹಿಂದಿನ ಬೀದಿಯಲ್ಲಿ ಹೆಂಗಸರು ಗ್ಯಾಸಿನ ಒಲೆಯನ್ನು ಮಂಚದ ಮೇಲಿಟ್ಟು, ಒಲೆಯ ಪಕ್ಕ ಮಕ್ಕಳನ್ನು ಕೂರಿಸಿಕೊಂಡಿದ್ದಾರೆ.

ಆ ಬೀದಿಗೇ ಇವತ್ತಿನ ಅನ್ನ. ಒಳಗೆ ದೊಡ್ಡ ತಟ್ಟೆಗಳಲ್ಲಿ ಹರವಿಟ್ಟಿದ್ದಾನೆ, ಬೆಳಿಗ್ಗೆಯೇ ಬೇಯಿಸಿದ್ದು, ಆರುತ್ತಾ ಇದೆ, ಆವಿ ಬಾಗಿಲ ತನಕ ಬಂದು ಕೆಸರಿನ ವಾಸನೆಯೊಡನೆ ಕಲೆಯುತ್ತದೆ, ಅನ್ನಕ್ಕೆ ಹಾಕಿದ್ದೂ ಸಂಪಿನ ನೀರೇ, ಆದರೆ ಅದು ಕೊತಕೊತ ಕುದಿದಿದೆ, ಕುದಿದದ್ದರ ಬಗ್ಗೆ ಶೀನನಿಗೆ ಹೆದರಿಕೆ ಇಲ್ಲ. ಹೆದರಿಕೆ ಇರುವುದು ಕುದಿಯದ್ದರ ಬಗ್ಗೆ. ನೆಲದಡಿಯ ಆ ಸಂಪಿನ ಮುಚ್ಚಳ ಪ್ರವಾಹದ ದಿನ ತೇಲಿ ಹೋಗಿ ಸ್ಕೂಟರ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿತ್ತು, ಬೀದಿಯಲ್ಲಿದ್ದದ್ದೆಲ್ಲ ಒಳಗೆ ಇಳಿದಿದೆ, ಬೀದಿಯಲ್ಲಿ ಏನಿತ್ತು ಎಂದು ಹೇಳಬೇಕಾ, ಕುಡಿಯುವ ನೀರಿನ ಲಾರಿ ರೈಲ್ವೆ ಸ್ಟೇಷನ್ನಿನ ಆಚೆ ನಿಂತಿದೆ, ಈಚೆ ಬರುವುದಿಲ್ಲ, ಸಿಲಿಂಡರು ಉಳಿದಿರುವುದು ಒಂದು, ಅದೂ ಅರ್ಧ. ತಮ್ಮಯ್ಯ ಆ ನೀರನ್ನೇ ಕುಡಿದದ್ದು, ಬೇಡ ಎಂದರೆ ಕೇಳಲಿಲ್ಲ, ಊರಲ್ಲಿ ಗದ್ದೆಯ ನೀರು ಕುಡಿದವ ನಾನು ಎಂದ, ಈಗ ಗೋಡೆ ಹಿಡಿದು ನಡೆಯುತ್ತಾನೆ. ಮತ್ತೊಂದು ಹಾಳೆ, ಮತದಾರರ ಪಟ್ಟಿಯ ಪರಿಷ್ಕರಣೆ, ಹೌದು, ಅದರ ಫಾರಂ ಹಿಡಿದು ಒಬ್ಬ ಟೀಚರಮ್ಮ ಬಂದಿದ್ದಳು, ಹಳೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿತ್ತು ಎಂದಳು, ಆಗ ನನ್ನ ಹೆಸರು ಊರಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ, ಈ ಹೋಟೆಲಿನ ಬೆಂಚಿನ ಮೇಲೆ ಮಲಗುತ್ತಿದ್ದೆ ಎಂದರೆ ಪಾಪ ಅವಳೇನು ಮಾಡುತ್ತಾಳೆ, ಬೈಗುಳ ಅವಳಿಗೇ ಬಿತ್ತು, ಬೀಳಬೇಕಾದವನು ಅಷ್ಟು ದೂರ ಕೂತರೆ ಹತ್ತಿರದವರಿಗೆ ಬೀಳುತ್ತದೆ. ಹೊಸ ಕಾರ್ಮಿಕ ಕಾನೂನು, ಎಲ್ಲರಿಗೂ ನೇಮಕದ ಪತ್ರ, ಹೋಟೆಲಿನ ಯಜಮಾನ ಶ್ರೀಶ ಅದನ್ನು ಗಲ್ಲೆಯಲ್ಲಿ ಕೂತು ಜೋರಾಗಿ ಓದಿ ನಕ್ಕಿದ್ದ, ಶೀನಣ್ಣ, ನಿಮ್ಗೂ ಅಪಾಯಿಂಟ್‌ಮೆಂಟ್ ಆರ್ಡರ್ ಕೊಡ್ಬೇಕಂತೆ, ಯಾವ ತಾರೀಕು ಹಾಕ್ಲಿ, ನಾನ್ ಹುಟ್ಟಿದ್ ತಾರೀಕಾ. ವಿಮಾನ ಹಾರದೆ ಏರ್‌ಪೋರ್ಟಿನ ನೆಲದ ಮೇಲೆ ಸೂಟ್‌ಕೇಸಿಗೆ ತಲೆಯಿಟ್ಟು ಮಲಗಿದ ಜನ, ಅವರ ಫೋಟೋ ಅರ್ಧ ಪುಟ, ಕೆಳಗೆ ಬೆರಳಗಲದಲ್ಲಿ ಗಾಜಾ, ಕದನ ವಿರಾಮ ಎಂದು ಬರೆದು ಅದೇ ಸಾಲಿನಲ್ಲಿ ಸತ್ತವರು ಎಂದು ಬರೆದಿದ್ದಾರೆ, ವಿರಾಮ ಎಂದರೆ ಏನು ಅಂತ ಶಾಲೆಯಲ್ಲಿ ಅವನಿಗೆ ಹೇಳಿಕೊಟ್ಟದ್ದು ಬೇರೆ. ಎಲ್ಲವನ್ನೂ ಕಾಲಲ್ಲಿ ಒತ್ತಿದ, ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದವು.

ಬಾಗಿಲಲ್ಲಿ ನೀರು ಕಲಕಿದ ಸದ್ದು, ಪ್ಯಾಂಟು ಮಡಚಿಕೊಂಡ ಶ್ರೀಶ, ಹಿಂದೆ ಪಕ್ಷದ ಹುಡುಗ, ಅವನ ಎದೆಗೆ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ತುಂಬ ಸ್ಟಿಕ್ಕರು, ಪ್ರತಿ ಸ್ಟಿಕ್ಕರಿನಲ್ಲಿ ಈ ವಾರ್ಡಿನ ಪುಢಾರಿಯ ನಗು, ಎಲ್ಲರೂ ಅವನನ್ನು ಅಣ್ಣನ್ ಎನ್ನುತ್ತಾರೆ, ಮುಂದಿನ ಚುನಾವಣೆಗೆ ಟಿಕೆಟು ಬೇಕು ಅವನಿಗೆ, ನಗುವಿನ ಕೆಳಗೆ ತಮಿಳಿನಲ್ಲಿ ದಪ್ಪಕ್ಷರ, ತಯಿರ್ ಸಾದಂ, ನೀರ್ ಮೋರ್ — ಮೊಸರನ್ನ, ಮಜ್ಜಿಗೆ. ಶೀನಣ್ಣ ಕಲಸಿ ಆಯ್ತಾ, ಎಂದ ಶ್ರೀಶ, ಅಣ್ಣನ್ ಬೋಟಲ್ಲಿ ಬರ್ತಾ ಇದ್ದಾರೆ, ಕ್ಯಾಮರಾ ಎಲ್ಲಾ ಉಂಟು. ಕಲಸಿಲ್ಲ. ಯಾಕೆ. ನೀರಿಲ್ಲ. ಸಂಪಲ್ಲಿ ಉಂಟಲ್ಲ ಶೀನಣ್ಣ, ಕ್ಲೋರಿನ್ ಮಾತ್ರೆ ಹಾಕ್ಸಿದ್ದೇನೆ. ಎಂತ ಮಾತ್ರೆ ಮಾರಾಯ, ಕಾಲುವೆಗೆ ಕಾಲುವೆಯೇ ಒಳಗೆ ಬಂದು ಕೂತದ್ದು ನಿನ್ನ ಮಾತ್ರೆಗೆ ಎದ್ದು ಹೋಗ್ತದಾ, ತಮ್ಮಯ್ಯನ್ನ ನೋಡಿ ಬಾ ಒಳಗೆ, ವಾಸನೆ ತೆಗೊಂಡು ಬಾ. ಶ್ರೀಶ ಹೋಗಲಿಲ್ಲ, ದನಿ ತಗ್ಗಿಸಿದ, ಹಾಗಾದ್ರೆ ಕಾಯ್ಸಿ. ಅರ್ಧ ಸಿಲಿಂಡರಲ್ಲಿ ಎಷ್ಟು ಕಾಯ್ಸುದು, ಕಾದದ್ದು ಆರುದು ಯಾವಾಗ, ಮಧ್ಯಾಹ್ನ ಆಗ್ತದೆ, ಆಗ್ಲಿ ಅಂತೀಯಾ. ಅಯ್ಯೋ ಮುಡಿಯಾದು, ಆಗುದಿಲ್ಲ ಶೀನಣ್ಣ, ಅಣ್ಣನ್ ಹತ್ತು ಕಡೆ ಹೋಗ್ಬೇಕು. ಸರಿ, ಮಜ್ಜಿಗೆ ಬೇಡ, ಮೊಸರೂ ಬೇಡ, ಅನ್ನ ಬೆಂದಿದೆ, ಚಿತ್ರಾನ್ನ ಮಾಡ್ತೇನೆ, ಒಂದು ಒಗ್ಗರಣೆ ಅಷ್ಟೆ, ನೀರು ಮುಟ್ಟುದೇ ಬೇಡ. ಆಗ ಪೆಟ್ಟಿಗೆಯ ಹುಡುಗ ಮಧ್ಯೆ ಬಾಯಿ ಹಾಕಿದ, ಅಣ್ಣನ್ ವೀಡಿಯೋಲ ಮೋರ್‌ನು ಸೊಲ್ಲಿಟ್ಟಾರು, ಸ್ಟಿಕ್ಕರ್‌ಲಯೂ ಮೋರ್‌ದಾನ್ ಇರುಕ್ಕು. ವೀಡಿಯೋದಲ್ಲೂ ಮಜ್ಜಿಗೆ, ಸ್ಟಿಕ್ಕರಿನಲ್ಲೂ ಮಜ್ಜಿಗೆಯೇ ಅಂತೆ. ಶೀನ ಅವನನ್ನೇ ನೋಡಿದ — ಆ ನೀರು ಮಕ್ಕಳ ಹೊಟ್ಟೆಗೆ ಹೋಗಬೇಕಾದದ್ದು ಸ್ಟಿಕ್ಕರಿನಲ್ಲಿ ಮಜ್ಜಿಗೆ ಎಂದು ಅಚ್ಚಾಗಿದೆ ಎಂಬ ಕಾರಣಕ್ಕೆ, ದೆಹಲಿಯಲ್ಲ, ಬ್ರೆಜಿಲ್ ಅಲ್ಲ, ಈ ಬಾಗಿಲು, ಈ ಪೆಟ್ಟಿಗೆ, ತಿಂಗಳಿಡೀ ಓದಿ ಬೈದದ್ದೆಲ್ಲ ಕೊನೆಗೆ ಅವನ ಅಡುಗೆಮನೆಗೇ ಕೈ ತೊಳೆಯದೆ ಬಂದು ನಿಂತಿದೆ. ಅಂಟಿಸುವ ಗೋಂದು ಆರಿಲ್ಲ ಅಂತಾದ್ರೆ ಆ ಸ್ಟಿಕ್ಕರನ್ನ ನಿನ್ನ ಬಾಯಿಗೇ ಅಂಟಿಸಿಕೋ ಎಂದ, ಕನ್ನಡದಲ್ಲೇ ಎಂದ, ಹುಡುಗನಿಗೆ ಅರ್ಥವಾಯಿತು. ಶ್ರೀಶ ಶೀನನ ಮೊಣಕೈ ಹಿಡಿದು ಬದಿಗೆ ಎಳೆದ, ಶೀನಣ್ಣ, ಕೋಪ ಬೇಡ, ಈ ಅಡುಗೆಮನೆ ಯಾವುದರ ಮೇಲೆ ನಿಂತಿದೆ ಹೇಳಿ. ಕಾಲುವೆಯ ಮೇಲೆ. ಅಣ್ಣನ್ ಇಲ್ದಿದ್ರೆ ಇದು ಇರ್ತಿತ್ತಾ, ಎರಡು ಸಲ ಒಡೀಲಿಕ್ಕೆ ಬಂದ ಜೆಸಿಬಿ ವಾಪಸ್ ಹೋಯ್ತು, ಯಾರು ವಾಪಸ್ ಕಳ್ಸಿದ್ದು. ಸತ್ಯ ಅದು, ಹರಿದು ಹೋಗಬೇಕಾದ ನೀರಿನ ಮೇಲೆ ಒಲೆ ಹಾಕಿ ಕೂತವರು ತಾವು, ಶೀನನ ಹೊಟ್ಟೆ ತುಂಬಿದ್ದೂ ಅದರ ಮೇಲೆಯೇ, ಸತ್ಯವಾದದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು.

ಆಗ ಅವನಿಗೆ ಎಲೆಯ ನೆನಪಾಯಿತು. ಈ ಹೋಟೆಲಿನಲ್ಲಿ ಗಿರಾಕಿಗೆ ಬಡಿಸುವ ಮೊದಲು ಧಣಿ ಕೂತು ಉಣ್ಣಬೇಕು, ಶ್ರೀಶನ ಅಪ್ಪ ಕೃಷ್ಣಪ್ರಸಾದರು ಇಟ್ಟ ಕ್ರಮ ಅದು, ದಿನಾ ಬೆಳಿಗ್ಗೆ ಬಾಗಿಲಿನ ಪಕ್ಕದ ಮೇಜು, ಒಂದು ತುಂಡು ಎಲೆ, ಅವತ್ತು ಮಾಡಿದ್ದೆಲ್ಲ ಒಂದೊಂದು ಚೂರು, ನಾನು ಉಣ್ಣದ್ದನ್ನ ಊರವರಿಗೆ ಯಾವ ಮುಖದಲ್ಲಿ ಬಡಿಸುದು ಶೀನ ಎನ್ನುತ್ತಿದ್ದರು, ಜ್ವರದಲ್ಲೂ ಬಂದು ಕೂತರು, ಸಾರು ಹುಳಿಯಾಗಿದ್ದರೆ ಏನೂ ಹೇಳದೆ ಎಲೆ ಮಡಚಿ ಎದ್ದರೆ ಸಾಕು, ಇಡೀ ಹಂಡೆ ಚರಂಡಿಗೆ. ಅವರು ಹೋದ ಮೇಲೆ ಎಲೆ ಫೋಟೋದ ಮುಂದೆ ಬೀಳುತ್ತದೆ, ಫೋಟೋ ಯಾವತ್ತೂ ಎಲೆ ಮಡಚುವುದಿಲ್ಲ. ಶೀನ ಒಳಗೆ ಹೋದ, ಚೊಂಬು ಮುಳುಗಿಸಿ ಸಂಪಿನ ನೀರು ತೆಗೆದ, ಮೊಸರು, ಉಪ್ಪು, ಶುಂಠಿ, ಕಡೆಗೋಲು ಎರಡು ಸುತ್ತು, ಸ್ಟೀಲಿನ ಲೋಟಕ್ಕೆ ಸುರಿದ, ನೋಡಲಿಕ್ಕೆ ಮಜ್ಜಿಗೆಯೇ, ಬೆಳ್ಳಗೆ, ನೊರೆಯೂ ಬಂದಿದೆ, ಅದೇ ಅದರ ಮೋಸ. ಬಾಗಿಲಿನ ಪಕ್ಕದ ಮೇಜು ಒರೆಸಿ ಎಲೆ ಹಾಕಿ, ಎರಡು ಮುಷ್ಟಿ ಅನ್ನ ಹಾಕಿ, ಲೋಟ ಇಟ್ಟು, ಕೂತ್ಕೊಳ್ಳಿ ಧಣಿ ಎಂದ, ಜೀವಮಾನದಲ್ಲಿ ಶ್ರೀಶನನ್ನು ಅವನು ಧಣಿ ಎಂದದ್ದು ಅದೇ ಮೊದಲು, ಕೂತ್ಕೊಳ್ಳಿ, ನಿಮ್ಮ ಅಪ್ಪ ಕೂರ್ತಿದ್ರಲ್ಲ ಹಾಗೆ, ನೀವು ಇದನ್ನು ಕುಡಿದ್ರೆ ನಾನು ಹಂಡೆ ತುಂಬ ಕಲಸ್ತೇನೆ. ಗೊತ್ತಿತ್ತು ಅವನಿಗೆ, ಕುಡಿಯುವುದಿಲ್ಲ, ಮಿನರಲ್ ವಾಟರ್ ಬಾಟಲಿ ಕಾರಿನಲ್ಲಿಟ್ಟುಕೊಂಡು ತಿರುಗುವವನು, ಮಗಳ ಹಾಲಿಗೂ ಫಿಲ್ಟರು, ಲೋಟ ನೋಡುತ್ತಾನೆ, ಮುಖ ತಗ್ಗಿಸುತ್ತಾನೆ, ಸರಿ ಶೀನಣ್ಣ ಚಿತ್ರಾನ್ನವೇ ಮಾಡಿ ಎನ್ನುತ್ತಾನೆ. ಶ್ರೀಶ ಲೋಟ ನೋಡಿದ. ಹುಡುಗನನ್ನು ನೋಡಿದ, ಹುಡುಗ ಮೊಬೈಲು ಎತ್ತಿದ್ದ. ಮುಖ ತಗ್ಗಿಸಲಿಲ್ಲ. ಲೋಟ ಎತ್ತಿದ, ಶೀನನ ಕಣ್ಣಲ್ಲೇ ಕಣ್ಣಿಟ್ಟ, ತಲೆ ಹಿಂದಕ್ಕೆ ಹಾಕಿದ, ಕ್ಷೌರ ಮಾಡದ ಗಂಟಲು ಪೂರ್ತಿ ಕಂಡಿತು, ಆ ಗಂಟಲ ಗಂಟು ಮೇಲೆ ಹೋಯಿತು, ಕೆಳಗೆ ಇಳಿಯಿತು, ಮೇಲೆ ಹೋಯಿತು, ಕೆಳಗೆ ಇಳಿಯಿತು, ಒಂದು ತೊಟ್ಟೂ ಬಿಡದೆ ಲೋಟ ಬೋರಲು ಇಟ್ಟ. ಆಯ್ತಲ್ಲ ಶೀನಣ್ಣ. ಇನ್ನು ಕಲಸಿ.

ಕುಡಿದುಬಿಟ್ಟ, ಬೇವರ್ಸಿ ಕುಡಿದೇಬಿಟ್ಟ — ತಿಂಗಳಿಡೀ ಪತ್ರಿಕೆಯಲ್ಲಿ ಒಬ್ಬನಾದರೂ ತಾನು ಕೊಟ್ಟದ್ದನ್ನು ತಾನು ಕುಡಿದ ಸುದ್ದಿ ಇರಲಿಲ್ಲ, ಈ ಒಬ್ಬ ಕುಡಿದ, ಅದೂ ಹಟಕ್ಕೆ, ಈಗ ಮಾತು ಶೀನನ ತಲೆಯ ಮೇಲೆ ಬಂದು ಕೂತಿದೆ, ಕುಡಿದ್ರೆ ಕಲಸ್ತೇನೆ ಎಂದವನು ಅವನೇ, ನಾಲಿಗೆ ಯಾಕೆ ಅಷ್ಟು ಉದ್ದ, ಒಳಗೆ ಹೋಗುತ್ತಾನೆ, ಕಾಲು ಹೋಗುತ್ತದೆ, ಮೊಸರಿನ ಕ್ಯಾನುಗಳು ಸಾಲಾಗಿ ಕಾಯುತ್ತಿವೆ, ಹಿಂದಿನ ಬೀದಿಯ ಮಕ್ಕಳು ಮಂಚದ ಮೇಲೆ ಕಾಯುತ್ತಿವೆ, ಶ್ರೀಶನಿಗೆ ಏನಾದರೂ ಆದರೆ ಕಾರು, ಡಾಕ್ಟರು, ಡ್ರಿಪ್ಪು, ಆ ಮಕ್ಕಳಿಗೆ ಆದರೆ ಕಕ್ಕಸೇ ನೀರಿನಡಿ, ಅವಕ್ಕೆ ಯಾರೂ ಲೋಟ ಎದುರಿಗಿಟ್ಟು ಕುಡಿಯುತ್ತೀಯಾ ಎಂದು ಕೇಳುವುದಿಲ್ಲ. ಮಾತು ಹೋದರೆ ಹೋಯಿತು. ಬಾಣಲೆ ಇಟ್ಟ, ಎಣ್ಣೆ ಸುರಿದ, ಸಾಸಿವೆ, ಕಡಲೆಬೇಳೆ, ನೆಲಗಡಲೆ, ಒಣಮೆಣಸು ಚಟಪಟ ಎನ್ನುವಾಗ ಹೊರಗಿಂದ ಶ್ರೀಶ ಕೇಳಿದ, ಮೊಸರನ್ನಕ್ಕೆ ಅಷ್ಟು ಒಗ್ಗರಣೆ ಯಾಕೆ ಶೀನಣ್ಣ, ಶೀನ ಅರಸಿನದ ಡಬ್ಬಿಯನ್ನೇ ಬೋರಲು ಹಾಕಿದ, ಬಾಣಲೆ ಎತ್ತಿ ಒಂದು ತಟ್ಟೆಗೆ, ಇನ್ನೊಂದಕ್ಕೆ, ಎಲ್ಲ ತಟ್ಟೆಗಳಿಗೂ ಸುರಿದ, ಬಿಳಿ ಅನ್ನ ಅಲ್ಲಲ್ಲಿ ಹಳದಿಯಾಯಿತು, ಕೈ ಹಾಕಿ ಬುಡದಿಂದ ತಿರುವಿದ, ಪೂರ್ತಿ ಹಳದಿಯಾಯಿತು, ಇನ್ನು ಯಾವ ಅಣ್ಣನ ಅಪ್ಪ ಬಂದರೂ ಇದನ್ನು ಮೊಸರನ್ನ ಮಾಡಲಾರ. ಹುಡುಗ ಬಾಗಿಲಿಗೆ ಬಂದು ಹಳದಿ ಕಂಡು ಬಾಯಿಬಿಟ್ಟ, ಎನ್ನಾದು ಇದು, ಮಂಜಳಾ ಇರುಕ್ಕು. ಸಾಪ್ಪಾಡು, ಊಟ, ಎಂದ ಶೀನ, ಬೇಕಾದ್ರೆ ಅಂಟಿಸು ನಿನ್ನ ಅಣ್ಣನ ಮೂತಿ, ಮಜ್ಜಿಗೆ ಎಲ್ಲಿ ಅಂತ ಕೇಳಿದ್ರೆ ಧಣಿ ಕುಡಿದು ಮುಗಿಸಿದ ಅಂತ ಹೇಳು. ಶ್ರೀಶ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಳದಿ ಅನ್ನವನ್ನು ನೋಡಿದ, ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ, ಸುಮ್ಮನೆ ಇಟ್ಟುಕೊಂಡದ್ದೋ ಏನೋ, ಹಾಗಾದ್ರೆ ನಾನ್ ಕುಡಿದದ್ದು ಎಂತಕ್ಕೆ ಶೀನಣ್ಣ, ಎಂದ. ಎಂತಕ್ಕೆ, ಹೌದು, ಎಂತಕ್ಕೆ ಕುಡಿದೆ, ಇಡು ಆ ಲೋಟ ಅಂತ ಕೂಗಲಿಕ್ಕೆ ನನಗೆ ಎಂತ ಆಗಿತ್ತು, ಇವನ ಬಾಯಿಗೆ ಮೊದಲ ತುತ್ತು ಹಾಕಿದ ಕೈ ಇದು, ನೀರು ಆರಿಸಿ ಆರಿಸಿ ಕುಡಿಸಿದ ಕೈ, ಇದೇ ಕೈಯಲ್ಲಿ ಆ ಲೋಟ ಇಟ್ಟದ್ದು, ಲಿಂಬೆ ಹಿಂಡು, ತಿರುವು, ಉಪ್ಪು ಸಾಲದು, ಬೋಟಿನ ಮೋಟರು ಕೇಳುತ್ತಿದೆ, ಬರಲಿ, ಅಣ್ಣ ಬರಲಿ, ಜೆಸಿಬಿಯೂ ಬರಲಿ, ಬೇಗ ಪೊಟ್ಟಣ ಕಟ್ಟು, ಕಟ್ಟುವ ಕೈ ನಿಲ್ಲುತ್ತದೆ, ತಲೆ ಹಿಂದಕ್ಕೆ ಹಾಕಿದ ಆ ಗಂಟಲು, ಬೇಡ, ಲಿಂಬೆ, ಲಿಂಬೆ ಹಿಂಡು — ಆ ಗಂಟಲ ಗಂಟು, ಮೇಲೆ ಹೋಗಿ, ಕೆಳಗೆ ಇಳಿದು, ಮತ್ತೆ ಮೇಲೆ