ನಾರ್ಮಲ್ ಎಂದು ಇಟ್ಟ ರಕ್ತ

ಎರಡು ಗುಡ್ಡ, ಲ್ಯಾಬಿನ ಪರದೆಯ ಗ್ರಾಫಿನಲ್ಲಿ ಎರಡು ಗುಡ್ಡ, ಒಂದೇ ಇರಬೇಕಿತ್ತಲ್ಲ, ಬಲಕ್ಕೆ ಒಂದು ಎತ್ತರದ ಗುಡ್ಡ, ಅದು ಇದೆ, ಸರಿ, ಆದರೆ ಎಡಕ್ಕೆ ಇದು ಯಾವುದು, ಪುಟ್ಟದು, ಆದರೂ ಗುಡ್ಡವೇ — ಸುಗನ್ಯಾ ಕನ್ನಡಕ ತೆಗೆದು ದುಪಟ್ಟಾದ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು, ಗುಡ್ಡ ಅಲ್ಲೇ ಇತ್ತು. ಕಿಟಕಿಯಾಚೆ ಊಟಿಯ ಮಂಜು ಆಸ್ಪತ್ರೆಯ ನೀರಿನ ಟ್ಯಾಂಕನ್ನು ನುಂಗಿಬಿಟ್ಟಿದೆ, ಬೆಳಗೋ ಸಂಜೆಯೋ ಗೊತ್ತಾಗದ ಬೆಳಕು, ಹೊರಗೆ ಕಾರಿಡಾರಿನ ಬೆಂಚಿನಲ್ಲಿ ತಂಗಿ ಅಭಿನಯಾ ಶಾಲು ಹೊದ್ದು ಕೂತಿದ್ದಾಳೆ, ಕೀಳ್ ಕೋತಗಿರಿಯಿಂದ ಮೊದಲ ಬಸ್ಸು ಹತ್ತಿ ಬಂದವಳು, ತೋಟದಲ್ಲಿ ಎಲೆ ಕೀಳುತ್ತ ಕೀಳುತ್ತ ತಲೆ ಸುತ್ತಿ ಗಿಡದ ಮೇಲೇ ಬಿದ್ದವಳು, ಉಗುರೆಲ್ಲ ಬಿಳಚಿಕೊಂಡಿದೆ, ಕಬ್ಬಿಣದ ಮಾತ್ರೆ ನುಂಗಿ ನುಂಗಿ ನಾಲಿಗೆ ಕೆಟ್ಟಿತೇ ಹೊರತು ರಕ್ತ ಏರಲಿಲ್ಲ, ಅತ್ತೆ ಹಟ್ಟಿಯವರ ಮುಂದೆಯೇ ಅಂದಳಂತೆ, ಸೊಸೆಗೆ ಕೆಲಸ ಅಂದ್ರೆ ಮಾತ್ರ ತಲೆಸುತ್ತು, ಮದುವೆಮನೆ ಅಂದ್ರೆ ಇಲ್ಲ. ಅದನ್ನು ಕೇಳಿದ ಮೇಲೆ ಸುಗನ್ಯಾ ತಾನೇ ಫೋನು ಮಾಡಿ ಕರೆಸಿದ್ದು, ಲ್ಯಾಬಿನ ಹಿರಿಯ ಡಾಕ್ಟರು ರಾಜೇಂದ್ರನ್ ತಾವೇ ಹೇಳಿದ್ದು, ಆ ಸಿಡಿ ಐವತ್ತೊಂಬತ್ತು ಟೆಸ್ಟ್ ಒಂದು ಮಾಡಿ ನೋಡಿಬಿಡಮ್ಮಾ, ಮೊದಲಾದರೆ ಕೊಯಮತ್ತೂರಿಗೆ ಕಳಿಸಬೇಕಿತ್ತು, ಈಗ ನಮ್ಮಲ್ಲೇ ಮೆಷಿನ್ ಇದೆಯಲ್ಲಾ. ಇದೆ, ಮೆಷಿನ್ ಇದೆ, ಗುರ್ರೆನ್ನುತ್ತಿದೆ, ಆದರೆ ಇದು ಅಭಿನಯಾಳ ರಕ್ತ ಅಲ್ಲವಲ್ಲ, ಅವಳದು ಆಗಲೇ ಮುಗಿಯಿತು, ಒಂದೇ ಗುಡ್ಡ, ಒಂದು ಕಣವೂ ಬಿಡದೆ ಎಲ್ಲ ಬಲಕ್ಕೆ, ಎಲ್ಲ ಹಸಿರಾಗಿ ಹೊಳೆದವು, ಹಟ್ಟಿಯ ದೇವಿ ಹೆತ್ತೆ ಕಾಪಾಡಿದಳು ಎಂದು ಉಸಿರು ಬಿಟ್ಟು, ಎರಡನೆಯ ಕೊಳವೆಯನ್ನು ಬರೀ ಶಾಸ್ತ್ರಕ್ಕೆಂದು ಮೆಷಿನ್ನಿಗೆ ಕೊಟ್ಟದ್ದು. ಆ ಎರಡನೆಯದು ನಾರ್ಮಲ್. ನಾರ್ಮಲ್ ಎಂದು ಇಟ್ಟ ರಕ್ತ. ರೋಗಿಯದನ್ನು ಹೋಲಿಸಿ ನೋಡಲು ಆರೋಗ್ಯವಂತರದೊಂದು ಪಕ್ಕದಲ್ಲಿ ಬೇಕಲ್ಲ, ಯಾರದು ತೆಗೀಲಿ ಎಂದು ರಕ್ತ ತೆಗೆಯುವ ಕಮಲಂ ಕೇಳಿದಾಗ ತಾನೇ ತೋಳು ಚಾಚಿದ್ದಳು, ಕಮಲಂ ನಕ್ಕಿದ್ದಳು, ನಿಮ್ಮದೇ ಸರಿ ಅಕ್ಕಾ, ಕಲ್ಲು ತಿಂದು ಕರಗಿಸೋ ಆಳು.

ಹಾಗಾದರೆ ತಪ್ಪಿದ್ದು ಎಲ್ಲಿ, ಎಲ್ಲೋ ತಪ್ಪಿದೆ, ತಪ್ಪಿರಲೇಬೇಕು, ಮೊದಲಿನಿಂದ ಬಾ — ಫ್ರಿಜ್ಜಿನಿಂದ ಕಪ್ಪು ಸೀಸೆ ತೆಗೆದೆ, ಬೆಳಕು ತಾಗದ ಹಾಗೆ ಅಂಗೈಯಲ್ಲಿ ಮುಚ್ಚಿ ತಂದೆ, ಎರಡೂ ಕೊಳವೆಗೆ ಆಂಟಿಬಾಡಿ ಹಾಕಿದೆ, ಹಾಕಿದೆನೇ, ಹಾಕಿದೆ, ಹಾಕದಿದ್ದರೆ ಇಡೀ ಗುಡ್ಡವೇ ಎಡಕ್ಕೆ ಹೋಗುತ್ತಿತ್ತು, ಹೀಗೆ ಎರಡಾಗಿ ಸೀಳುತ್ತಿರಲಿಲ್ಲ. ಹೊಸದಾಗಿ ಸೇರಿದ ಹುಡುಗಿಯರಿಗೆ ಇದನ್ನು ಹೇಳಿಕೊಟ್ಟವಳೂ ತಾನೇ, ನೋಡಿ, ಕೆಂಪು ಕಣದ ಮೈಮೇಲೆ ಸಿಡಿ ಐವತ್ತೊಂಬತ್ತು ಅಂತ ಒಂದು ಪ್ರೋಟೀನು, ಅದು ಕಣಕ್ಕೆ ಹೊದಿಕೆ ಇದ್ದ ಹಾಗೆ, ಈ ಆಂಟಿಬಾಡಿ ಹೋಗಿ ಅದನ್ನೇ ಹಿಡಿಯುತ್ತೆ, ಬೇರೇನನ್ನೂ ಹಿಡಿಯಲ್ಲ, ಇದರ ಬೆನ್ನಿಗೆ ಬಣ್ಣ ಕಟ್ಟಿದೆ, ಲೇಸರಿನ ಎದುರು ಹಾದರೆ ಹಸಿರಾಗಿ ಹೊಳೆಯುತ್ತೆ, ಹೊದಿಕೆ ಇಲ್ಲದ ಕಣ ಹೊಳೆಯಲ್ಲ, ಅಂಥದನ್ನು ನಮ್ಮ ಮೈಯ ಕಾವಲೇ ಬೇರೆಯವರದು ಅಂತ ಒಡೆದು ಹಾಕುತ್ತೆ, ಒಡೆದದ್ದು ಮೂತ್ರದಲ್ಲಿ ಇಳಿಯುತ್ತೆ, ಹೆಚ್ಚಾಗಿ ಬೆಳಿಗ್ಗೆ, ಕಡು ಚಹಾದ ಬಣ್ಣ — ಕಡು ಚಹಾದ ಬಣ್ಣ. ಬೀಟ್‌ರೂಟು. ಅದು ಬೀಟ್‌ರೂಟು, ಅಮ್ಮ ಹಟ್ಟಿಯಿಂದ ಚೀಲಗಟ್ಟಲೆ ಕಳಿಸುತ್ತಾಳೆ, ದಿನಾ ಅದೇ ಪಲ್ಯ, ಬೆಳಿಗ್ಗೆ ಬಚ್ಚಲಲ್ಲಿ ಆ ಬಣ್ಣ ಕಂಡಾಗಲೆಲ್ಲ ಅಯ್ಯೋ ರಾತ್ರಿ ಬೀಟ್‌ರೂಟು ತಿಂದೆನಲ್ಲ ಎಂದುಕೊಂಡು ನೀರು ಸುರಿದು ಬಂದಿದ್ದಾಳೆ, ಆದರೆ ಹೋದ ವಾರ ಪೂರಾ ಅವರೆ ಸಾರು, ಬೀಟ್‌ರೂಟು ಮುಗಿದಿತ್ತು, ಮುಗಿದಿತ್ತೇ, ನೆನಪಿಲ್ಲ, ಬಸ್‌ಸ್ಟ್ಯಾಂಡಿನಿಂದ ಏರು ಹತ್ತಿ ಬರುವಾಗ ನಡುವೆ ನಿಲ್ಲುತ್ತಾಳಲ್ಲ, ಸ್ವೆಟರಿನ ಅಂಗಡಿ ನೋಡುವ ನೆಪದಲ್ಲಿ, ಅದು ಚಳಿಗೆ, ಎಲ್ಲರಿಗೂ ಏದುಸಿರು ಬರುತ್ತದೆ, ಅಭಿನಯಾಗೂ ಬರುತ್ತದೆ, ಅಭಿನಯಾ — ಕೊಳವೆ ಅದಲುಬದಲಾಗಿರಬೇಕು! ಮಾರ್ಕರಿನ ಅಕ್ಷರ ತೊಳೆಯುವಾಗ ಕದಡಿತ್ತಲ್ಲ, ಇದು ಅವಳದು, ಅದು ನನ್ನದು, ಹಾಗೇ ಇರಲಿ, ಹೆತ್ತೇ, ಅದಲುಬದಲಾಗಿರಲಿ. ಹಾಗೆ ಬೇಡಿದಳು, ತುಟಿ ಅಲುಗುವಂತೆಯೇ ಬೇಡಿದಳು, ಬೇಡಿದ ಮೇಲೆ ತಾನು ಬೇಡಿದ್ದು ಏನನ್ನು ಎಂದು ತಿಳಿಯಿತು. ಬೆಂಚಿನ ಮೇಲೆ ಕೂತವಳು, ಚಿಕ್ಕವಳಿದ್ದಾಗ ಇವಳ ಬೆನ್ನಿಗೆ ಅಂಟಿಕೊಂಡೇ ಮಲಗುತ್ತಿದ್ದವಳು, ಅವಳ ಮೈಗೆ ಹೋಗಲಿ ಎಂದೆನೇ, ಇಲ್ಲ, ಹಾಗನ್ನಲಿಲ್ಲ, ಹಾಗಲ್ಲ, ಅದಲುಬದಲಾಗದಿರಲಿ, ಹಾಗೆಂದರೆ ಮತ್ತೆ — ಯಾವುದನ್ನು ಬೇಡಬೇಕೋ ತಿಳಿಯದೆ ಎದ್ದು ನಿಂತಳು, ಬಾಗಿಲಲ್ಲಿ ರಾಜೇಂದ್ರನ್ ಡಾಕ್ಟರು, ಎನ್ನಮ್ಮಾ, ತಂಗಚ್ಚಿ ರಿಪೋರ್ಟ್ ಆಯ್ತಾ ಅಂದರು, ಸಾರ್, ಇನ್ನೊಂದು ಸಲ ರಕ್ತ ತೆಗೀಬೇಕು, ಇಬ್ಬರದೂ. ಅವರು ಪರದೆ ನೋಡಿದರು, ಇವಳನ್ನು ನೋಡಿದರು, ನಾರ್ಮಲ್ ಯಾರದಮ್ಮಾ ಅನ್ನಲಿಲ್ಲ, ಅವರಿಗೂ ಗೊತ್ತಾಗಿತ್ತು, ಇಬ್ಬರದೂ ಅಂದಳಲ್ಲ, ಸರಿ, ತೆಗೀರಿ, ಈ ಸಲ ಕಮಲಂ ಹೆಸರು ಬರೀಲಿ, ನೀನು ಕೈ ಹಾಕಬೇಡ, ಅಂದರು.

ಮತ್ತೆ ಅದೇ, ಸೂಜಿ, ಹತ್ತಿ, ಕಮಲಂ ಈಗ ನಗುವುದಿಲ್ಲ, ಇನ್ನೊಮ್ಮೆ ಯಾಕೆ ಅಕ್ಕಾ ಎಂದು ಅಭಿನಯಾ ತೋಳು ಮಡಿಸಿಕೊಂಡು ಕೇಳಿದಳು, ಮೆಷಿನ್ ತೊಂದರೆ, ಏನಿಲ್ಲ, ಕತ್ತಲಲ್ಲಿ ಕೊಳವೆಗಳನ್ನು ಇಟ್ಟು ಕಾಯುವಾಗ ಸುಗನ್ಯಾ ಕಾಯುವುದನ್ನೇ ಮರೆತು ನೆಲದ ಹೆಂಚಿನ ಬಿರುಕನ್ನೇ ನೋಡುತ್ತ ನಿಂತಳು, ಆಮೇಲೆ ಡಾಕ್ಟರೇ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದರು, ಕಮಲಂ ಹೆಸರು ಓದಿದಳು, ಅಭಿನಯಾ, ಒಂದು ಗುಡ್ಡ. ಸುಗನ್ಯಾ. ಎಡಕ್ಕೆ ಮೊದಲು ಬಿಡಿಬಿಡಿ ಚುಕ್ಕೆ, ಬಂದೂ ಬಂದೂ ಒಟ್ಟಾಗಿ, ನಿಧಾನಕ್ಕೆ ಬೆನ್ನು ಎತ್ತಿತು. ಡಾಕ್ಟರು ಕುರ್ಚಿ ತಿರುಗಿಸಿ ಅಂದರು, ನೋಡಮ್ಮಾ, ಬಿಳಿ ಕಣದ್ದೂ ನೋಡಬೇಕು, ನಾಳೆ ಕೊಯಮತ್ತೂರಿಗೆ ನಾನೇ ಫೋನ್ ಮಾಡ್ತೀನಿ, ಇದಕ್ಕೆ ಈಗ ಮದ್ದಿದೆ, ಹೆದರಬಾರದು, ಒಬ್ಬಳೇ ಹೋಗಬೇಡ. ತಂಗಿಗೆ, ಸಾರ್. ಅವಳಿಗೆ ಇದಲ್ಲ, ಹೊಟ್ಟೆಯೊಳಗೆ ಕಬ್ಬಿಣ ಹೀರ್ತಾ ಇಲ್ಲ ಅಂತ ಕಾಣುತ್ತೆ, ಅದನ್ನ ಸರಿ ಮಾಡಬಹುದು. ಸರಿ ಮಾಡಬಹುದು, ಸರಿ ಮಾಡಬಹುದು ಎಂದುಕೊಳ್ಳುತ್ತ ಕಾರಿಡಾರಿಗೆ ಬಂದಳು, ಖುಷಿಪಡಬೇಕು, ಖುಷಿಯಾಗಿದೆ, ಹೌದು ಇದು ಖುಷಿಯೇ, ಆದರೆ ಎಡಗಡೆಯ ಆ ಗುಡ್ಡವೂ ಕಣ್ಣೆದುರೇ ಇದೆ, ಎರಡೂ ಒಟ್ಟಿಗೆ ಬಂದರೆ ಮುಖದಲ್ಲಿ ಯಾವುದು ಕಾಣುತ್ತದೆ, ಅಕ್ಕಾ, ಏನ ಆತು, ನಂದು ಒಳ್ಳೆದು ತಾನೆ, ಒಳ್ಳೆದೇ ಕಣೇ, ನಿಂಗೆ ಆ ಕಾಯಿಲೆ ಇಲ್ಲ, ನಡೆ ಚಹಾ ಕುಡಿಯೋಣ.

ಕ್ಯಾಂಟೀನಿನಲ್ಲಿ ಅಭಿನಯಾ ಮಗುವಿನ ಹಾಗಾಗಿದ್ದಾಳೆ, ಚಹಾ, ಎರಡು ವರ್ಕಿ ಬಿಸ್ಕತ್ತು, ಅತ್ತೆಗೆ ಈಗಲೇ ಫೋನ್ ಮಾಡ್ತೀನಿ, ಡಾಕ್ಟರೇ ಹೇಳಿದ್ರು ಅಂತೀನಿ, ಸೋಮಾರಿತನ ಅಲ್ಲ, ಹೊಟ್ಟೆ ಅಂತ, ನಗುತ್ತಾಳೆ, ನಗಲಿ, ಇವತ್ತು ಒಂದು ದಿನ ನಗಲಿ, ನಾಳೆ ಹೇಳೋಣ, ಅಮ್ಮನಿಗೆ ಯಾವ ಬಾಯಲ್ಲಿ ಹೇಳುವುದು, ಮೊದಲು ಇವಳಿಗೆ, ಇಲ್ಲ, ಮೊದಲು ಯಾರಿಗೂ ಇಲ್ಲ, ಮೆಷಿನ್ನಿಗೆ ತಿಳಿದದ್ದು ಸಾಕು. ಅಭಿನಯಾ ವರ್ಕಿಯನ್ನು ಚಹಾದಲ್ಲಿ ಅದ್ದುತ್ತಾಳೆ, ಅಕ್ಕಾ, ಅಲ್ಲ, ನಂದು ಒಳ್ಳೆದು ಅಂದ್ರೆ ಮತ್ತೆ ಎರಡು ಸಲ ಯಾಕೆ ತೆಗೆದ್ರಿ, ಪಕ್ಕದಲ್ಲಿ ನಾರ್ಮಲ್ ಅಂತ ಒಂದು ಇಡ್ತಾರೆ ಅಂದ್ಲು ಕಮಲಂ, ಅದು ಯಾರದು. ವರ್ಕಿ ಮೇಲೆ ಬಂದಿದೆ, ನೆನೆದ ತುದಿ, ತೊಟ್ಟಿಕ್ಕುತ್ತಿದೆ, ಯಾರದೋ ಅನ್ನು, ಕಮಲಂದು ಅನ್ನು, ಬಾಯಿ ತೆರೆಯಿತು, ನಂದು ಅಂದಿತು. ಅಭಿನಯಾಳ ನಗು ಇನ್ನೂ ಮುಖದಲ್ಲೇ ಇದೆ, ಇಳಿಯಲು ಮರೆತ ಹಾಗೆ, ಕೈ ಲೋಟದ ಮೇಲೆ ನಿಂತಿದೆ, ಬಾಯಿಗೂ ಹೋಗುತ್ತಿಲ್ಲ, ಕೆಳಗೂ ಇಳಿಯುತ್ತಿಲ್ಲ, ಬೆರಳ ನಡುವೆ ವರ್ಕಿ, ನೆನೆದ ತುದಿ ಬಾಗುತ್ತಿದೆ, ಈಗ ಮುರಿಯುತ್ತದೆ, ತಿನ್ನು ಕಣೇ ಅನ್ನಬೇಕು, ತುದಿ ಬಾಗುತ್ತಿದೆ, ಇನ್ನೂ ಬಿದ್ದಿಲ್ಲ, ಅವಳ ಕಣ್ಣು ಇವಳ ಮೇಲೆ, ಇವಳ ಕಣ್ಣು ಆ ತುದಿಯ ಮೇಲೆ, ಬಾಗಿದೆ, ಒಂದು ಎಳೆಯಲ್ಲಿ ನಿಂತಿದೆ, ನೆನೆದ ತುದಿ —