ಹೂವು ಮುಗೀಲಿ

"ಇನ್ನೊಂಚೂರು ಎಳ್ದು ಮಡುಚ್ರಮ್ಮಿ, ಬಲಗಾಲು ಒಳಕ್ಕ ಬತ್ತಾ ಇಲ್ಲ!" ಬಾಗಿಲಲ್ಲಿ ನಿಂತೇ ಕರಿಬಸವಯ್ಯ ಕೂಗಿದ.

ಒಳಗೆ ಚಿಕ್ಕಮಲ್ಲಮ್ಮನಿಗೆ ಮೀಯಿಸಿ, ಹಸಿರು ಸೀರೆ ಉಡಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದು ನಡುಮನೆಯ ಗೋಡೆಗೆ ಒರಗಿಸಿದ್ದರು. ಲಿಂಗಾಯತರ ಮನೆ. ಸತ್ತವರನ್ನು ಚಕ್ಕಂಬಕ್ಕಳ ಹಾಕಿಸಿ ಕೂರಿಸಬೇಕು, ಕೂರಿಸಿಕೊಂಡೇ ಮೆರವಣಿಗೆ ಮಾಡಬೇಕು, ಕೂರಿಸಿಯೇ ಗುಂಡಿಗೆ ಇಳಿಸಬೇಕು. ಎಡಗಾಲು ಹೇಳಿದ ಮಾತು ಕೇಳಿತ್ತು. ಬಲಗಾಲು ತೊಡೆಯ ಸಂದಿನಿಂದ ಬೆರಳಿನ ತನಕ ಬಾಳೆ ದಿಂಡಿನಂತೆ ಊದಿಕೊಂಡು ಮುಂದಕ್ಕೆ ಚಾಚಿಕೊಂಡಿತ್ತು. ಇಬ್ಬರು ಹೆಂಗಸರು ಮಂಡಿ ಒತ್ತಿದರು, ಒಬ್ಬಳು ಎಣ್ಣೆ ತೀಡಿದಳು. ಕಾಲು ಕದಲಲಿಲ್ಲ.

"ಎಳೀಬೇಡಿ," ಎಂದಳು ಮಗಳು ನಯನಾ. "ಚಾಚ್ಕೊಂಡೇ ಇರ್ಲಿ."

"ಸಾಸ್ತ್ರ ಕಣಮ್ಮಿ."

"ಶಾಸ್ತ್ರಕ್ಕೆ ನಿಮ್ಮ ಕಾಲು ಮಡಚಿ ದೊಡ್ಡಪ್ಪ. ಅವ್ವನ ಕಾಲಿನ ತಂಟೆಗೆ ಬರಬೇಡಿ."

ಹೆಂಗಸರ ಕೈ ನಿಂತಿತು. ಮೂಲೆಯಲ್ಲಿ ಬಿಲ್ವಪತ್ರೆ ಬಿಡಿಸುತ್ತಿದ್ದ ಅಯ್ಯನೋರು ತಲೆ ಎತ್ತದೆ, "ಬುಡ್ರಪ್ಪ, ಸಿವ ಏನು ಕಾಲು ಅಳ್ದು ನೋಡ್ತನಾ?" ಅಂದರು. ಅಲ್ಲಿಗೆ ಕಾಲಿನ ವಿಚಾರ ತೀರಿತು.

ಕರಿಬಸವಯ್ಯ ಜಗಲಿಗೆ ಹೋದ. ಅವನಿಗೆ ಅಲ್ಲಿ ಬೇರೆ ಕೆಲಸವಿತ್ತು.

ಬೆಳಗಿನಿಂದ ಅವನು ಬಂದವರಿಗೆಲ್ಲ ಒಂದು ಕತೆ ಹೇಳುತ್ತಿದ್ದ. ಮೊದಲು ಬಂದ ಪಕ್ಕದ ಮನೆಯವರಿಗೆ ಅದು ಸಣ್ಣದಿತ್ತು: "ಆಪ್ರೇಷನ್ ಆದ್ಮೇಲ ಇಂಜೆಕ್ಷನ್ ಹಾಕ್ಸನ ಅಂತಿದ್ವಿ, ಅವ್ಳೇ ಬ್ಯಾಡ ಅಂದ್ಳು." ಬೇಗೂರಿನ ನೆಂಟರು ಬರುವ ಹೊತ್ತಿಗೆ ಚಿಕ್ಕಮಲ್ಲಮ್ಮ ಕೈ ಮುಗಿದು ಬೇಡ ಅಂದಿದ್ದಳು. ತೆರಕಣಾಂಬಿಯವರಿಗೆ ಹೇಳುವಾಗ ಕಣ್ಣಲ್ಲಿ ನೀರು ಸೇರಿತು. ಈಗ ಗುಂಡ್ಲುಪೇಟೆಯ ಅಂಗಡಿಯವರು ಬಂದಿದ್ದರು, ಕರಿಬಸವಯ್ಯ ಕಣ್ಣು ಮುಚ್ಚಿ, ಕತ್ತು ವಾಲಿಸಿ, ಮೂಗಿನಿಂದ ಎಳೆಯುವ ಒಂದು ಸಣ್ಣ ದನಿ ತೆಗೆದ: "'ಭಾವ, ಸಾಕು ಕಣಿ... ಸಿವ ಕರೀತಾವ್ನ... ನನ್ಗಾಗಿ ಮನೆ ಆಳ್ ಮಾಡ್ಕಬ್ಯಾಡಿ...' ಅಂದ್ಬುಟ್ಳು ಮಾರಾಯ್ತಿ!"

ಅಂಗಡಿಯವರು ಲೊಚಗುಟ್ಟಿದರು. "ದೇವ್ರಂತ ಎಂಗ್ಸು."

ಕತೆಗೆ ಕೈ ಬಂದಿತ್ತು, ಕಣ್ಣು ಬಂದಿತ್ತು, ಈಗ ದನಿಯೂ ಬಂತು. ಒಳಗಿದ್ದ ನಯನಾಳಿಗೂ ಅದು ಕೇಳಿಸಿತು. ಸುಳ್ಳಾದರೂ ಸರಿ, ನೆಟ್ಟಗೆ ಹೇಳಬಾರದೇ? ಅವ್ವನದು ಯಾವತ್ತಾದರೂ ಈ ಸೊಳ್ಳೆ ದನಿಯೇ? ಅವ್ವ ಹೊಲದ ಬದುವಿನಲ್ಲಿ ನಿಂತು ಒಂದು ಸಲ "ಏಯ್" ಅಂದರೆ ಊಟಿ ರಸ್ತೆಯ ಕಾರುಗಳು ನಿಧಾನವಾಗುತ್ತಿದ್ದವು.

ಅಪ್ಪ ಪುಟ್ಟಬಸಪ್ಪ ಜಗಲಿಯ ಕಂಬಕ್ಕೆ ಒರಗಿ, ಮನೆಗೆ ಬೆನ್ನು ಹಾಕಿ ಕೂತಿದ್ದ. ಅಣ್ಣನ ಕತೆಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

*

ಚಿಕ್ಕಮಲ್ಲಮ್ಮ ಹೂವಿನ ಹೊಲದವಳು. ಮಳೆಗಾಲ ಹಿಡಿಯುತ್ತಲೇ ರಸ್ತೆ ಬದಿಯ ಎರಡು ಎಕರೆ ಚೆಂಡುಹೂವಿನಿಂದ ಉರಿಯುತ್ತಿತ್ತು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಕೇರಳದವರು ಕಾರು ನಿಲ್ಲಿಸಿ ಹೊಲಕ್ಕೆ ನುಗ್ಗುತ್ತಿದ್ದರು. ಅವರು ಅತ್ತ ಹೋದದ್ದೇ ತಡ, ಇವಳು ಹೂವಿನ ಮಂಕರಿ ಸೊಂಟಕ್ಕಿಟ್ಟುಕೊಂಡು "ಚೇಚಿ, ಒರು ಸೆಲ್ಫಿ ಎಡುಕ್ಕಟ್ಟೆ?" ಎಂದು ಅವರ ಮಲಯಾಳದಲ್ಲೇ ಅಣಕಿಸಿ ತುಟಿ ಉಬ್ಬಿಸಿದರೆ, ಕುಯ್ಯುವ ಹೆಂಗಸರೆಲ್ಲ ಸಾಲಿನಲ್ಲೇ ಕುಸಿದು ಕೂರುತ್ತಿದ್ದರು. ಕಂಡಕ್ಟರ್, ಮಠದ ಸ್ವಾಮಿಗಳು, ಸತ್ತ ಅತ್ತೆ, ಯಾರನ್ನೂ ಬಿಟ್ಟವಳಲ್ಲ. ಜೊತೆಗೆ ಕುಯ್ಯುತ್ತಿದ್ದ ಗೆಳತಿ ದೊಡ್ಡಮಾದಮ್ಮನ ಮುಂದೆಯೇ, "ನಾನು ಸತ್ರ ಇವ್ಳು ಇಂಗ ಅಳ್ತಾಳ" ಎಂದು ಅತ್ತು ತೋರಿಸಿದ್ದಳು.

ತನಗೆ ಬೇಕಾದ್ದನ್ನೂ ಅವಳು ಕೇಳುತ್ತಿದ್ದದ್ದು ಹಾಗೆಯೇ. ಸೀರೆ ಬೇಕಿದ್ದರೆ ಅತ್ತೆಯ ದನಿಯಲ್ಲಿ: "ಲೋ ಬಸಪ್ಪ, ಎಂಡ್ತಿಗ ಒಂದ್ ಸೀರ ತಕ್ಕೊಡ್ಲಾ." ಪುಟ್ಟಬಸಪ್ಪ ನಗುತ್ತ, "ಸುಮ್ಕಿರು ಮಲ್ಲಿ" ಎನ್ನುತ್ತಿದ್ದ. ಸೀರೆ ಬರುತ್ತಿತ್ತು.

ಬಲ ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ ಕಂಡಾಗ ಮುರಿದ ಮುಳ್ಳು ಎಂದುಕೊಂಡರು. ಬಗೆದು ನೋಡಿದರು, ಎಕ್ಕದ ಹಾಲು ಬಿಟ್ಟರು. ಮಚ್ಚೆ ಹರಡಿ, ಒಡೆದು, ತೊಡೆಯ ಸಂದಿನಲ್ಲಿ ಗಂಟಾದ ಮೇಲೆ ಮೈಸೂರಿಗೆ ಹೋದದ್ದು. ಅಲ್ಲಿ ಹಿಮ್ಮಡಿ ಕೊರೆದು ತೊಡೆಯ ಚರ್ಮ ಹಾಕಿದರು, ಸಂದಿನ ಗಂಟುಗಳನ್ನೂ ತೆಗೆದರು. ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಗಂಡಸರಿಬ್ಬರ ಕಡೆ ತಿರುಗಿ ಮಾತು ಶುರು ಮಾಡಿದರು.

"ಕಾಯ್ಲೆ ನಂದು ಕಣಿ ಡಾಕ್ಟ್ರೇ," ಎಂದಳು ಚಿಕ್ಕಮಲ್ಲಮ್ಮ. "ನನ್ ಕಡೀಕ್ ನೋಡ್ಕಂಡು ಯೋಳಿ."

ಡಾಕ್ಟರು ಕುರ್ಚಿ ತಿರುಗಿಸಿಕೊಂಡರು. "ನೋಡೀಮ್ಮಾ, ಇದು ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್. ಕಣ್ಣಿಗೆ ಕಾಣೋದನ್ನೆಲ್ಲ ತೆಗೆದಿದ್ದೀವಿ. ಆದ್ರೆ ಗಂಟಿಗೆ ಬಂದಿತ್ತಲ್ಲ, ವಾಪಸ್ ಬರೋ ಸಾಧ್ಯತೆ ಜಾಸ್ತಿ. ಮೈಯಲ್ಲಿರೋ ಶಕ್ತೀನೇ ಎಬ್ಬಿಸಿ ಹೋರಾಡಿಸೋ ಇಂಜೆಕ್ಷನ್ ಇದೆ, ಒಂದು ವರ್ಷ ತಗೋಬೇಕು. ತಗೊಂಡ್ರೆ ವಾಪಸ್ ಬರೋ ಸಾಧ್ಯತೆ ಕಮ್ಮಿ ಆಗುತ್ತೆ. ಬರೋದೇ ಇಲ್ಲ ಅಂತ ಗ್ಯಾರಂಟಿ ಕೊಡೋಕಾಗಲ್ಲ. ಕೆಲವರಿಗೆ ಕರುಳಿಗೆ, ಲಿವರ್‌ಗೆ ತೊಂದ್ರೆ ಆಗ್ಬಹುದು. ಬೇಡ ಅಂದ್ರೆ ಆಗಾಗ ಸ್ಕ್ಯಾನ್ ಮಾಡ್ತಾ ಕಾಯಬಹುದು, ಅದೂ ತಪ್ಪಲ್ಲ. ಆದ್ರೆ ತಗೊಳೋದಾದ್ರೆ ತಡ ಮಾಡ್ಬಾರ್ದು, ಮೂರು ತಿಂಗಳೊಳಗೆ ಶುರುವಾಗ್ಬೇಕು. ನಿರ್ಧಾರ ನಿಮ್ಮದು."

"ಮೆಲ್ಲಗ ಮೆಲ್ತದ ಅಂತ ಅದ್ರ ಎಸ್ರಲ್ಲೇ ಅದಲ್ಲೀ," ಎಂದಳು ಚಿಕ್ಕಮಲ್ಲಮ್ಮ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಡಾಕ್ಟರನ್ನೇ ಅಣಕಿಸಿ ತೋರಿಸಿದಳು. ಕನ್ನಡಕ ಮೂಗಿನ ತುದಿಗೆ ಜಾರಿಸಿದಂತೆ ಮಾಡಿ, "ನೋಡೀಮ್ಮಾ, ಗ್ಯಾರಂಟಿ ಕೊಡೋಕಾಗಲ್ಲ" ಅಂದಾಗ ಹಿಂದಿನ ಸೀಟಿನವರೂ ನಕ್ಕರು. ನಂಜನಗೂಡು ದಾಟಿದ ಮೇಲೆ ಗಂಡನ ತೋಳು ತಟ್ಟಿದಳು. ಆಗ ಬಂದದ್ದು ಅತ್ತೆಯ ದನಿಯಲ್ಲ, ಕಂಡಕ್ಟರನದಲ್ಲ.

"ಏನೀ, ಇಂಜೆಕ್ಷನ್ ಹಾಕುಸ್ಕತಿನಿ. ಗ್ಯಾರಂಟಿ ಇಲ್ದಿದ್ರೂ ಸೈ. ನಾನಿನ್ನೂ ಬದುಕ್ಬೇಕು ಕಣಿ."

ಮುಂದಿನ ಸೀಟಿನಲ್ಲಿದ್ದ ನಯನಾ ತಿರುಗಿ ನೋಡಿದಳು. ಹುಟ್ಟಿದಾಗಿನಿಂದ ಕೇಳಿದ್ದರೂ ಅವ್ವನದೇ ದನಿ ಅವಳಿಗೆ ಹೊಸದಾಗಿ ಕೇಳಿಸಿತು.

"ಹಾಕ್ಸನ," ಅಂದ ಪುಟ್ಟಬಸಪ್ಪ. "ರಸ್ತ ಮಗ್ಗುಲು ತುಂಡು ಮಾರುದ್ರೂ ಸೈ, ಹಾಕ್ಸನ. ಈಗ ಮೊಗ್ಗು ಬತ್ತಾ ಅದ. ಊವು ಮುಗೀಲಿ."

*

ಅಪ್ಪ ಯಾವತ್ತೂ ಬೇಡ ಅನ್ನಲಿಲ್ಲ. ಅದೇ ನಯನಾಳನ್ನು ಇವತ್ತೂ ಸುಡುತ್ತಿದ್ದದ್ದು. ಬೇಡ ಅಂದಿದ್ದರೆ ಎದುರು ನಿಂತು ಜಗಳ ಆಡಬಹುದಿತ್ತು. 'ಆಮೇಲೆ' ಅನ್ನುವವರ ಜೊತೆ ಹೇಗೆ ಆಡುವುದು? ತಾನಿದ್ದ ಚಾಮರಾಜನಗರದಿಂದ ಅವಳು ಫೋನು ಮಾಡಿದಾಗಲೆಲ್ಲ ಅಪ್ಪ, "ಓಯ್ತೀವಿ ಕಣವ್ವ, ಊವು ಮುಗೀಲಿ" ಎನ್ನುತ್ತಿದ್ದ. ಖುದ್ದಾಗಿ ಬಂದು ಅವ್ವನ ಬಟ್ಟೆ ಬ್ಯಾಗಿಗೆ ತುಂಬಿದ್ದಳು. ಅವತ್ತೇ ಓಣಂ ಹೂವಿನ ಲಾರಿ ಬಂದಿತ್ತು. ಕುಯ್ಯುವ ಹೆಂಗಸರನ್ನು ಕೂಗಿ ಸೇರಿಸಲು, ಚೀಲ ತೂಗಿಸಲು, ಕೇರಳದವರ ಜೊತೆ ವ್ಯಾಪಾರ ಕುದುರಿಸಲು ಚಿಕ್ಕಮಲ್ಲಮ್ಮನೇ ಬೇಕಿತ್ತು. ಬೋರಲು ಹಾಕಿದ ಮಂಕರಿಯ ಮೇಲೆ ಬಲಗಾಲು ಇಟ್ಟುಕೊಂಡು, ಬದುವಿನಲ್ಲಿ ಕೂತೇ ಇಡೀ ಹೊಲ ಆಳಿದಳು. ಕರಿಬಸವಯ್ಯ ನೋಡಿಕೊಂಡು ಹೋಗಿ, "ಎಂಗ್ ಕುಂತವ್ಳ ನೋಡ್ಲಾ ಗಟ್ಟಿಗಿತ್ತಿ! ಇವ್ಳ್ಗ್ಯಾಕ ಇಂಜೆಕ್ಷನ್ನು?" ಅಂದಿದ್ದ.

ಅವ್ವ ಕೇಳುವುದನ್ನು ಬಿಡಲಿಲ್ಲ. ಊಟಕ್ಕೆ ಇಕ್ಕುವಾಗ, ದೀಪ ಹಚ್ಚುವಾಗ, ಅದೇ ಮಾತು, ಅದೇ ದನಿ. "ಏನೀ, ಯಾವತ್ ಓಗನ?"

"ಓಗನ ಸುಮ್ಕಿರು ಮಲ್ಲಿ. ಊವು ಮುಗೀಲಿ."

ಹೂವು ಮುಗಿಯಿತು. ಗೌರಿಹಬ್ಬ ಬಂತು. ಅರಿಶಿನಕ್ಕೆ ಗೊಬ್ಬರ ಹಾಕುವುದು ಬಂತು. ದಸರಾ ಮುಗಿಸಿ ಮೈಸೂರಿಗೆ ಹೋದಾಗ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. ಶ್ವಾಸಕೋಶಕ್ಕೆ, ಲಿವರಿಗೆ ಇಳಿದಿತ್ತು. ಈಗಲೂ ಇಂಜೆಕ್ಷನ್ ಕೊಡಬಹುದು, ಆದರೆ ಲೆಕ್ಕ ಬೇರೆ, ಮೈ ತಡೆಯುವುದೂ ಕಷ್ಟ ಅಂದರು. ಅವತ್ತು ಬಸ್ಸಿನಲ್ಲಿ ಅವ್ವ ಯಾರ ದನಿಯನ್ನೂ ತೆಗೆಯಲಿಲ್ಲ. ಆಮೇಲೆ ಕೇಳಲೂ ಇಲ್ಲ.

ಆ ಸುಮ್ಮನಿರುವುದನ್ನೇ ಹಿಡಿದು ಮನೆಯವರು "ಬೇಡ ಅಂದಳು" ಎಂದು ಮಾಡಿಕೊಂಡಿದ್ದರು. ಇಂಜೆಕ್ಷನ್ ಉಳಿಸುತ್ತಿತ್ತೋ ಇಲ್ಲವೋ, ಅದು ನಯನಾಳಿಗೂ ಗೊತ್ತಿರಲಿಲ್ಲ. ಆದರೆ ಅವ್ವ ಬೇಕು ಅಂದಿದ್ದಳು. ಅವಳ ಬೇಕನ್ನು ಬೇಡ ಮಾಡಿ, ಅದಕ್ಕೊಂದು ಸೊಳ್ಳೆ ದನಿ ಅಂಟಿಸಿ ಮಣ್ಣಿಗೆ ಇಡುತ್ತಿದ್ದರು. ಇನ್ನೊಂದು ಗಳಿಗೆ ಕಳೆದರೆ ಅದೇ ನಿಜವಾಗಿ ಉಳಿಯುತ್ತಿತ್ತು.

*

"ವಿಮಾನ ರೆಡಿ ಆಯ್ತು," ಎಂದು ಹೊರಗೆ ಯಾರೋ ಕೂಗಿದರು. ಅವ್ವನನ್ನು ಕೂರಿಸಿ ಹೊರುವ ಬಿದಿರಿನ ವಿಮಾನಕ್ಕೆ ಸುತ್ತಲು ಗುಂಡ್ಲುಪೇಟೆಯಿಂದ ಸೇವಂತಿಗೆ ಕೊಂಡು ತಂದಿದ್ದರು. ಯುಗಾದಿ ಹತ್ತಿರ, ಹೊಲದಲ್ಲಿ ಒಂದು ಹೂವಿಲ್ಲ.

ನಡುಮನೆಯಲ್ಲಿ ಹೆಂಗಸರು ಸರದಿಯ ಮೇಲೆ ಹೇಳಿಕೊಂಡು ಅಳುತ್ತಿದ್ದರು. ದೊಡ್ಡಮಾದಮ್ಮ ಎದೆ ಬಡಿದುಕೊಂಡು, "ನನ್ನ ಸಾಲ್ನಲ್ಲಿ ಯಾರವ್ವ ಇನ್ನು ಊವ ಕುಯ್ಯೋರು..." ಎಂದು ರಾಗ ಎಳೆದಳು. ಅದು ಚಿಕ್ಕಮಲ್ಲಮ್ಮ ಅತ್ತು ತೋರಿಸಿದ್ದ ಹಾಗೆಯೇ ಇತ್ತು.

"ಒಟ್ಟೇಲ್ ಉಟ್ಟಿದ್ ಮಗಳು ಒಂದ್ ಸೊಲ್ಲೂ ಅಳ್ನಿಲ್ವಲ್ಲ," ಎಂದಳು ಬೇಗೂರಿನ ನೆಂಟರಲ್ಲೊಬ್ಬಳು, ಕೇಳಲಿ ಎಂದೇ.

ದೊಡ್ಡಮಾದಮ್ಮ ಸೆರಗಿನಿಂದ ಮೂಗೊರೆಸಿಕೊಂಡು ನಯನಾಳ ಬೆನ್ನ ಮೇಲೆ ಕೈ ಇಟ್ಟಳು. "ಯೋಳ್ಕಂಡ್ ಅಳು ಕಣವ್ವ. ಏನಾದ್ರೂ ಯೋಳು. ಎಣದ ಮುಂದ ಅಳೋಳ್ನ ಯಾರೂ ತಡೀಬಾರ್ದು."

ಹೌದು, ತಡೆಯುವಂತಿರಲಿಲ್ಲ. ಇಂಥ ಅಳುವಿನಲ್ಲಿ ಊರ ಹೆಂಗಸರು ಅತ್ತೆಯ ಕಾಟ ಹೇಳಿದ್ದರು, ಮೈದುನನ ಮೋಸ ಹೇಳಿದ್ದರು, ಯಾವ ಗಂಡಸೂ ನಡುವೆ ಬಾಯಿ ಹಾಕಿರಲಿಲ್ಲ. ನಯನಾ ಅವ್ವನ ಎದುರು ಮಂಡಿಯೂರಿದಳು. ದೊಡ್ಡಪ್ಪನನ್ನು ಬಯ್ಯಬೇಕೆಂದೇ ಬಾಯಿ ತೆರೆದಳು. ಅಳು ಬರಲಿಲ್ಲ, ಬಯ್ಗುಳವೂ ಬರಲಿಲ್ಲ. ಬಂದದ್ದು ಅವ್ವನ ದನಿ.

"ಏನೀ..."

ದೊಡ್ಡಮಾದಮ್ಮನ ಕೈ ಬೆಚ್ಚಿ ಹಿಂದೆ ಸರಿಯಿತು. ಬಿಲ್ವಪತ್ರೆ ಜೋಡಿಸುತ್ತಿದ್ದ ಅಯ್ಯನೋರು ಗೋಡೆಗೆ ಒರಗಿದ್ದ ಮುಖವನ್ನೇ ನೋಡಿದರು.

"ಏನೀ, ಕೇಳುಸ್ತಾ? ನಾನು ಬದುಕ್ಬೇಕು ಕಣಿ. ಇಂಜೆಕ್ಷನ್ ಹಾಕುಸ್ಕತಿನಿ ಅಂದ್ನಲ್ಲ. ಯಾವತ್ ಓಗನ, ಯೋಳಿ?"

ಜಗಲಿಯ ಕಂಬಕ್ಕೆ ಒರಗಿದ್ದ ಪುಟ್ಟಬಸಪ್ಪ ತಿರುಗಿ ನೋಡಲಿಲ್ಲ. ನಿದ್ದೆಗೆಟ್ಟ ಕಣ್ಣನ್ನು ನೆಲದಲ್ಲಿ ನೆಟ್ಟು, ದಿನಾ ಕೊಡುತ್ತಿದ್ದ ಉತ್ತರವನ್ನು ದಿನಾ ಕೊಡುವ ಹಾಗೆಯೇ ಕೊಟ್ಟ:

"ಓಗನ ಸುಮ್ಕಿರು ಮಲ್ಲಿ. ಊವು ಮುಗೀಲಿ."

ಹೇಳಿದ್ದು ಅವನ ಕಿವಿಗೆ ಕೊನೆಗೆ ಬಿತ್ತು. ಅಷ್ಟರಲ್ಲಿ ಎಲ್ಲರ ಕಿವಿಗೂ ಬಿದ್ದಿತ್ತು.

"ಏನೋ, ದುಕ್ಕದಲ್ಲಿ ಬಾಯಿ ತಪ್ಪಿ..." ಕರಿಬಸವಯ್ಯ ಎದ್ದ.

"ಕುಂತ್ಕಳಿ ಕರಿಬಸಣ್ಣೋರೇ," ಒಳಗಿನಿಂದ ದೊಡ್ಡಮಾದಮ್ಮ ಗದರಿದಳು. "ದಿನಾ ಬದ್ವಲ್ಲಿ ನಾನೂ ಕೇಳಿವ್ನಿ. ಬಾಯಿ ತಪ್ಪಿ ಬಂದದ್ದಲ್ಲ ಅದು."

ನಯನಾ ಎದ್ದು ಜಗಲಿಗೆ ಬಂದಳು. ಈಗ ಮಾತಾಡಿದ್ದು ಅವಳದೇ ದನಿ. "ಅಪ್ಪ, ಅವ್ವ ಬೇಡ ಅಂದಿದ್ಲಾ?"

ಪುಟ್ಟಬಸಪ್ಪ ಕಂಬದ ಕಡೆಗೆ ಮುಖ ತಿರುಗಿಸಿದ.

"ಇಷ್ಟು ಜನ ಇದ್ದಾರೆ. ಇವರ ಮುಂದೆ ಹೇಳು."

"ಬುಡವ್ವ ಈಗ, ಅಯ್ಯನೋರು ಕಾಯ್ತಾವ್ರ..." ಎಂದು ಯಾರೋ ಅಂದರು. ಅಯ್ಯನೋರು ಕಾಯುತ್ತ ನಿಂತೇ ಇದ್ದರು, ಅವಸರ ಮಾಡಲಿಲ್ಲ.

"ಇಲ್ಲ," ಅಂದ ಪುಟ್ಟಬಸಪ್ಪ. "ಬೇಕು ಅಂದಿದ್ಳು. ನಾನೇ ಕರ್ಕಂಡ್ ಓಗ್ನಿಲ್ಲ."

ನಯನಾ ಅವನ ಹೆಗಲು ಮುಟ್ಟಲಿಲ್ಲ. ಪಕ್ಕದಲ್ಲಿ ಕೂರಲಿಲ್ಲ. ಅವ್ವನನ್ನು ಎತ್ತುವವರಿಗೆ ದಾರಿ ಬಿಟ್ಟು ನಿಂತಳು.

ಜಾಗಟೆ ಎದ್ದಿತು. ವಿಮಾನ ಬೀದಿಗಿಳಿಯುವಾಗ ಉಡಿಗಾಲದ ನೆಂಟರ ಟೆಂಪೊ ಬಂದು ನಿಂತಿತು. ಇಳಿದವರು ಕರಿಬಸವಯ್ಯನ ಕೈ ಹಿಡಿದುಕೊಂಡು, "ಎಂಗಾಯ್ತು ಭಾವ, ಮುಂದ್ಕ ಟ್ರೀಟ್‌ಮೆಂಟ್ ಕೊಡುಸ್ನಿಲ್ವಾ?" ಅಂದರು. ಕರಿಬಸವಯ್ಯ ಟವೆಲಿನಲ್ಲಿ ಮುಖ ಒರೆಸತೊಡಗಿದ, ಒರೆಸುವುದನ್ನು ನಿಲ್ಲಿಸಲಿಲ್ಲ. ಉತ್ತರ ಪುಟ್ಟಬಸಪ್ಪನಿಂದ ಬಂತು. "ಬೇಕು ಅಂದಿದ್ಳು. ನಾನೇ ಕರ್ಕಂಡ್ ಓಗ್ನಿಲ್ಲ."

ಆಮೇಲೆ ಅವನು ನಿಲ್ಲಿಸಲಿಲ್ಲ. ಬಾಗಿಲಲ್ಲಿ ಕೈ ಮುಗಿದು ನಿಂತ ಮುದುಕಿಗೆ ಹೇಳಿದ. ಜಾಗಟೆ ಬಾರಿಸುವವನಿಗೆ ಹೇಳಿದ. ಟೀ ಅಂಗಡಿಯಲ್ಲಿ ಎದ್ದು ನಿಂತವರಿಗೆ ಹೇಳಿದ. ಕೇಳಿದವರಿಗೂ, ಕೇಳದವರಿಗೂ ಅದೇ ಎರಡು ಮಾತು. ಯಾರೋ ರಟ್ಟೆ ಹಿಡಿದು ಎಳೆದರು, ಕೊಡವಿಕೊಂಡ. ಹೆಂಗಸರ ನಡುವೆ ಬರುತ್ತಿದ್ದ ನಯನಾ ಅವನ ಬೆನ್ನಿನಿಂದ ಕಣ್ಣು ಕೀಳಲಿಲ್ಲ.

ಗುಂಡಿ ತೆಗೆದದ್ದು ಹೊಲದ ಮೂಲೆಯಲ್ಲಿ, ರಸ್ತೆಯ ಆಚೆ. ವಿಮಾನ ದಾಟಲೆಂದು ತರಕಾರಿ ತುಂಬಿದ ಲಾರಿಯೊಂದು ನಿಂತಿತು. ಡ್ರೈವರ್ ಎಂಜಿನ್ ಆರಿಸಿದ. ಜನ ದಾಟಿದರು, ಜಾಗಟೆ ದಾಟಿತು, ಸೇವಂತಿಗೆಯ ನಡುವೆ ಕೂತು ಚಿಕ್ಕಮಲ್ಲಮ್ಮ ಒಂದು ಕಾಲು ಚಾಚಿಕೊಂಡೇ ದಾಟಿದಳು. ಪುಟ್ಟಬಸಪ್ಪ ಮಾತ್ರ ದಾಟಲಿಲ್ಲ. ಲಾರಿಯ ಬಾಗಿಲ ಹತ್ತಿರ ಹೋಗಿ, ಕತ್ತೆತ್ತಿ, ಗಾಜಿಗೆ ಬೆರಳಿನಿಂದ ತಟ್ಟಿದ. ಕನ್ನಡ ಬಾರದ ಕೇರಳದ ಡ್ರೈವರ್ ಗಾಜು ಇಳಿಸಿ, ತಲೆಗೆ ಸುತ್ತಿದ್ದ ತೋರ್ತು ಟವೆಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಆ ಮುದುಕ ಹೇಳುವುದಕ್ಕೆಲ್ಲ ಮೆಲ್ಲಗೆ ತಲೆಯಾಡಿಸುತ್ತ ಹೋದ.